ಯಾರ ದೇಹಕ್ಕೆ ಯಾರ ಸಹಿ?

2022ನೆಯ ಇಸವಿಯ ಜೂನ್ 24ರಂದು ಬೆಳಗಾವಿ ಜಿಲ್ಲೆಯ ಮೂಡಲಗಿ ಪಟ್ಟಣದಲ್ಲಿ, ಬಸ್ ನಿಲ್ದಾಣದ ಬಳಿಯ ಸೇತುವೆಯ ಕೆಳಗೆ ಹರಿಯುವ ನೀರಿನಲ್ಲಿ ಕೆಲವು ಡಬ್ಬಗಳು ತೇಲುತ್ತಿದ್ದುದನ್ನು ಜನರು ಕಂಡರು. ತೆರೆದು ನೋಡಲಾಗಿ ಅವುಗಳಲ್ಲಿ ಏಳು ಭ್ರೂಣಗಳಿದ್ದವು. ಅವು ಸುಮಾರು ಐದು ತಿಂಗಳಷ್ಟು ಬೆಳೆದವೆಂದೂ, ಲಿಂಗಪತ್ತೆ ಮಾಡಿಸಿ ಗರ್ಭ ತೆಗೆಸಿದ ಕೃತ್ಯವಿದ್ದಿರಬೇಕೆಂದೂ ಆರೋಗ್ಯ ಖಾತೆಯ ಅಧಿಕಾರಿಗಳು ಆಗಲೇ ಸಂಶಯವನ್ನು ವ್ಯಕ್ತಪಡಿಸಿದರು. ತಪಾಸಣೆ ನಡೆಯಿತು, ಒಂದು ಖಾಸಗಿ ದವಾಖಾನೆಯ ಬಾಗಿಲಿಗೆ ಮುದ್ರೆ ಬಿದ್ದಿತು. ನಾಲ್ಕು ದಿನ ಆ ಸುದ್ದಿಯು ದಿಲ್ಲಿಯ ವರೆಗೂ ಹೋಗಿ, ಐದನೆಯ ದಿನ ಬೇರೆ ಸುದ್ದಿಗೆ ಸ್ಥಳವನ್ನು ಬಿಟ್ಟುಕೊಟ್ಟಿತು.

ಆ ದಿನಗಳಲ್ಲಿ ಪತ್ರಿಕೆಗಳು ಸ್ತ್ರೀಭ್ರೂಣಹತ್ಯೆಯ ಕುರಿತು ಬರೆದವು, ಬರೆಯತಕ್ಕದ್ದೇ ಇತ್ತು. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆ ಮಾತ್ರ ಕೇಳಿಸದೆ ಹೋಯಿತೆಂದು ನಮಗೆ ತೋರುವದು. ಆ ಗರ್ಭಗಳನ್ನು ಹೊತ್ತಿದ್ದ ಹೆಂಗಸರಿಗೆ ಯಾರು ಏನು ಹೇಳಿದರು? ಅವರನ್ನು ಯಾರಾದರೂ ಏನಾದರೂ ಕೇಳಿದರೆ? ಕೇಳಿದ್ದರೆ ಅವರು ಕೊಟ್ಟ ಉತ್ತರವು ಅವರದಾಗಿತ್ತೆ? ಅವರು ಮನಸಾರೆ ಒಪ್ಪಿದರೋ ಒತ್ತಾಯಕ್ಕೆ ಒಪ್ಪಿದರೋ ಎಂಬುದರ ಮೇಲೆ ನಾವು ತೀರ್ಪು ಕೊಡಲಾರೆವು. ಆದರೆ 1994ರ ಲಿಂಗಪತ್ತೆ ನಿಷೇಧದ ಕಾಯದೆಯನ್ನು ಬರೆದವರು ನಮ್ಮ ಮನೆಗಳ ಒಳಗನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇಂಥ ಪರೀಕ್ಷೆ ನಡೆದಲ್ಲಿ, ಅದಕ್ಕೆ ವಿರುದ್ಧವಾದದ್ದು ಸಿದ್ಧವಾಗುವ ವರೆಗೆ, ಗಂಡನೋ ಸಂಬಂಧಿಕರೋ ಆ ಗರ್ಭಿಣಿಯನ್ನು ಒತ್ತಾಯಪಡಿಸಿದ್ದರೆಂದೇ ನ್ಯಾಯಾಸ್ಥಾನವು ಭಾವಿಸತಕ್ಕದ್ದೆಂದು ಅದರ 24ನೆಯ ಕಲಮು ವಿಧಿಸುವದು. ಪ್ರಾಪ್ತವಯಸ್ಕರಾದವರು ತಮ್ಮ ಮನಸ್ಸಿನಂತೆ ನಡೆದರೆಂದು ಎಣಿಸುವದು ಕಾಯದೆಯ ಸಾಮಾನ್ಯ ರೀತಿ. ಇಲ್ಲಿ ಮಾತ್ರ ಅದು ತದ್ವಿರುದ್ಧವಾಗಿ ಎಣಿಸುವದು. ನಮ್ಮ ಸಮಾಜದ ಕುರಿತು ಇದಕ್ಕಿಂತ ಕಠೋರವಾದ ಪ್ರಮಾಣಪತ್ರವನ್ನು ನಾವು ಬೇರೆಲ್ಲಿಯೂ ಓದಿಲ್ಲ.

ಅದೇ ಕಾಯದೆಯ 5ನೆಯ ಕಲಮಿನಲ್ಲಿ ಇನ್ನೊಂದು ಮಾತಿದೆ. ಗರ್ಭಸ್ಥ ಶಿಶುವಿನ ಪರೀಕ್ಷೆಗೆ ಮುಂಚೆ ಅದರ ದುಷ್ಪರಿಣಾಮಗಳನ್ನೆಲ್ಲ ಆ ಹೆಂಗಸಿಗೆ ವಿವರಿಸಬೇಕು. ಆಕೆಗೆ ತಿಳಿಯುವ ಭಾಷೆಯಲ್ಲಿ ಬರಹದ ಒಪ್ಪಿಗೆಯನ್ನು ಆಕೆಯಿಂದಲೇ ಪಡೆಯಬೇಕು. ಆ ಬರಹದ ಒಂದು ಪ್ರತಿಯನ್ನು ಆಕೆಯ ಕೈಗೆ ಕೊಡಬೇಕು. ವಿವರಣೆ, ಭಾಷೆ, ಪ್ರತಿ. ಈ ಮೂರು ಒಂದೇ ಒಂದು ಬಗೆಯ ಪರೀಕ್ಷೆಗಾಗಿ ಹೇಳಿದ ಮಾತುಗಳಾದರೂ, ವೈದ್ಯನು ಮನುಷ್ಯನ ಮೈಮೇಲೆ ಮಾಡುವ ಯಾವತ್ತೂ ದೊಡ್ಡ ಕಾರ್ಯಕ್ಕೆ ಇವೇ ಅಳತೆಗೋಲೆಂದು ನಾವು ತಿಳಿಯುವೆವು. ಈ ಕೋಲನ್ನು ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ನಿತ್ಯ ನಡೆಯುವದನ್ನು ಅಳೆದು ನೋಡೋಣ.

ನಡೆಯುವದು ಏನೆಂಬುದನ್ನು ವಾಚಕರು ಬಲ್ಲರು. ಸೊಸೆಯು ಬಾಕಿನ ಮೇಲೆ ಕುಳಿತಿರುವಳು. ಆಕೆಯ ಬೇನೆ ಏನೆಂಬುದನ್ನು ಅತ್ತೆಯು ಹೇಳುವಳು. ಎಷ್ಟು ಖರ್ಚು ಬರುವದೆಂದು ಗಂಡನೋ ಮೈದುನನೋ ಕೇಳುವನು. ಡಾಕ್ಟರರು ಯಾರು ಹಣದ ಮಾತನ್ನಾಡುವರೋ ಅವರೊಡನೆಯೇ ಉಳಿದ ಮಾತನ್ನೂ ಆಡುವರು. ಬಳಿಕ ಒಂದು ಮುದ್ರಿತ ಕಾಗದ ಬರುವದು. ಎಷ್ಟೋ ಕಡೆ ಅದು ಇಂಗ್ಲೀಷಿನಲ್ಲಿರುವದು. ಗಂಡನು ತೋರಿಸಿದ ಸ್ಥಳದಲ್ಲಿ ಸಹಿ ಹಾಕುವನು, ಬರೆಯಲು ಬಾರದಿದ್ದರೆ ಹೆಬ್ಬೆಟ್ಟನ್ನು ಒತ್ತುವನು. ಆಮೇಲೆ ಊರಿಗೆ ಬಂದ ಆ ಹೆಂಗಸನ್ನು, ತಂಗೀ, ನಿನಗೆ ಏನು ಮಾಡಿದರು ಎಂದು ನೆರೆಯವರು ಕೇಳಿದರೆ, "ಹೊಟ್ಟಿ ಕೊಯ್ದಾರ್ರಿ, ನಮ್ಮ ಮನಿಯವರು ಸಹಿ ಮಾಡ್ಯಾರ" ಎಂಬಷ್ಟೇ ಉತ್ತರ. ಇದರಲ್ಲಿ ಯಾರದೂ ದುಷ್ಟತನವಿಲ್ಲ. ಗಂಡನು ಸಾಲ ತಂದು ಹೆಂಡತಿಯನ್ನು ಉಳಿಸಿಕೊಳ್ಳಬೇಕೆನ್ನುವವನೇ, ವೈದ್ಯರು ಗುಣಪಡಿಸಬೇಕೆನ್ನುವವರೇ. ಮುದಿ ತಂದೆಯ ವಿಷಯದಲ್ಲಿ ಮಗನು ಇದನ್ನೇ ಮಾಡುವನು. ಆದರೆ ಕೊಯ್ಯಿಸಿಕೊಂಡವಳಿಗೆ ತನ್ನ ಹೊಟ್ಟೆಯೊಳಗಿಂದ ಏನನ್ನು ತೆಗೆದರೆಂಬುದೇ ತಿಳಿದಿರುವದಿಲ್ಲ.

ದೇಶದ ಕಾಯದೆಯು ಇದನ್ನು ಒಪ್ಪಿಗೆಯೆಂದು ಕರೆಯುವದಿಲ್ಲ. 2008ನೆಯ ಇಸವಿಯ ಜನವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಎಂಬವರ ಖಟ್ಲೆಯಲ್ಲಿ ಕೊಟ್ಟ ತೀರ್ಪು ಈ ವಿಷಯದಲ್ಲಿ ನಮ್ಮ ದೇಶಕ್ಕೆ ಮೂಲಗ್ರಂಥವಿದ್ದಂತೆ. ಸಂಗತಿಯು 1995ರದು. 44 ವರ್ಷದ ಅವಿವಾಹಿತ ಮಹಿಳೆಯೊಬ್ಬರು ದಿಲ್ಲಿಯ ಒಂದು ಚಿಕಿತ್ಸಾಲಯಕ್ಕೆ ಹೋದರು. ಒಳಗಿನ ಸ್ಥಿತಿಯನ್ನು ದುರ್ಬೀನು ಹಾಕಿ ನೋಡುವದಕ್ಕೆ ಒಪ್ಪಿ ಸಹಿ ಮಾಡಿದರು. ಅವರು ಅರಿವಳಿಕೆಯಲ್ಲಿ ಮಲಗಿರುವಾಗ ಹೊರಗೆ ಕುಳಿತಿದ್ದ ಅವರ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಾಶಯವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಎಚ್ಚತ್ತ ಬಳಿಕ ಅವರಿಗೆ ಸಂಗತಿ ತಿಳಿಯಿತು. ಇಲ್ಲಿ ವಾಚಕರು ಲಕ್ಷ್ಯಗೊಡಬೇಕಾದ ಮಾತೊಂದಿದೆ. ಆ ವೈದ್ಯೆಯು ಸದುದ್ದೇಶದಿಂದಲೇ ನಡೆದರೆಂದೂ, ಮಾಡಿದ ಶಸ್ತ್ರಕ್ರಿಯೆಯು ಆ ರೋಗಕ್ಕೆ ತಪ್ಪಾದುದಲ್ಲವೆಂದೂ ನ್ಯಾಯಾಲಯವು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ ಅದು ಅಕ್ರಮವೇ ಎಂದಿತು. ಬುದ್ಧಿ ಸ್ಥಿಮಿತದಲ್ಲಿರುವ ಪ್ರಾಪ್ತವಯಸ್ಕ ರೋಗಿಯ ಪರವಾಗಿ ತಾಯಿಯು ಒಪ್ಪಲಾರಳು. ಆ ಕ್ಷಣದಲ್ಲಿ ಮಾಡದಿದ್ದರೆ ಪ್ರಾಣಕ್ಕೇ ಅಪಾಯವೆಂಬ ಪ್ರಸಂಗವಿಲ್ಲದಿದ್ದರೆ ರೋಗಿಯು ಎಚ್ಚರಾಗುವ ವರೆಗೆ ಕಾಯಬೇಕು. ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಒಪ್ಪಿಗೆಯಾಗದು. ವೈದ್ಯೆಯ ಶುಲ್ಕವನ್ನು ತಡೆದು, 25,000 ರೂಪಾಯಿಗಳ ಪರಿಹಾರವನ್ನು ಕೊಡಿಸಲಾಯಿತು. ಮೊತ್ತವು ಸಣ್ಣದು, ಆದರೆ ಚಿಕಿತ್ಸೆಯು ಸರಿಯಾಗಿದ್ದರೂ ಕೇಳದೆ ಮಾಡಿದ್ದು ತಪ್ಪು ಎಂಬ ತತ್ತ್ವವು ಸಣ್ಣದಲ್ಲ.

ಹೀಗಿದ್ದೂ ಗಂಡನ ಸಹಿಯ ರೂಢಿಯು ಏಕೆ ಉಳಿದಿದೆ? ರೂಢಿಯ ಬೇರು ಮನೆಯಲ್ಲಿ ಮಾತ್ರವಿಲ್ಲ, ವೈದ್ಯರ ನಿಯಮಗಳಲ್ಲಿಯೂ ಇದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿನೀತಿಯ ನಿಯಮಾವಳಿಯು ಶಸ್ತ್ರಕ್ರಿಯೆಗೆ ಮುಂಚೆ ಗಂಡ ಅಥವಾ ಹೆಂಡತಿಯಿಂದ, ಅಪ್ರಾಪ್ತರಿದ್ದಲ್ಲಿ ತಂದೆತಾಯಿ ಇಲ್ಲವೆ ಪಾಲಕರಿಂದ, ಅಥವಾ ರೋಗಿಯಿಂದಲೇ, ಪ್ರಸಂಗವಿದ್ದಂತೆ ಲಿಖಿತ ಸಮ್ಮತಿಯನ್ನು ಪಡೆಯಬೇಕೆನ್ನುವದು. ರೋಗಿಯ ಹೆಸರು ಈ ಸಾಲಿನಲ್ಲಿ ಕಟ್ಟಕಡೆಗೆ ಬಂದಿರುವದನ್ನು ನೋಡಿರಿ! ಊಟಕ್ಕೆ ಕರೆಯುವಾಗ ಮದುಮಗನನ್ನು ಕೊನೆಯ ಪಂಕ್ತಿಗೆ ಕೂಡ್ರಿಸಿದಂತೆ. ಅತ್ತ 1971ರ ಗರ್ಭಪಾತದ ಕಾಯದೆಯಾದರೋ ಪ್ರಾಪ್ತವಯಸ್ಕಳೂ ಸ್ವಸ್ಥಚಿತ್ತಳೂ ಆದ ಹೆಂಗಸಿನ ಒಪ್ಪಿಗೆಯೊಂದೇ ಸಾಕು, ಗಂಡನದು ಬೇಕಿಲ್ಲವೆಂದು ಐದು ದಶಕಗಳ ಹಿಂದೆಯೇ ಹೇಳಿದೆ. ಸರ್ವೋಚ್ಚ ನ್ಯಾಯಾಲಯವು 2022ರ ಸಪ್ಟೆಂಬರ 29ರ ತೀರ್ಪಿನಲ್ಲಿ, ಕಾಯದೆ ಕೇಳದ ಮನೆಯವರ ಒಪ್ಪಿಗೆಯನ್ನು ವೈದ್ಯರು ಕೇಳುತ್ತಿರುವದಕ್ಕೆ ಆಕ್ಷೇಪವೆತ್ತಿತು. ಕಾಯದೆಯು ಒಂದು ದಾರಿ, ನಿಯಮಾವಳಿಯ ಪದಜೋಡಣೆಯು ಇನ್ನೊಂದು ದಾರಿ. ದವಾಖಾನೆಯ ಗುಮಾಸ್ತನು ಮೂರನೆಯದನ್ನು ಹಿಡಿದಿರುವನು.

ಇದೆಲ್ಲ ಪಾಶ್ಚಾತ್ಯರ ವ್ಯಕ್ತಿಸ್ವಾತಂತ್ರ್ಯದ ಕಲ್ಪನೆ, ನಮ್ಮಲ್ಲಿ ಮನೆತನವೇ ವ್ಯಕ್ತಿ ಎಂದು ಹೇಳುವವರಿದ್ದಾರೆ. ಅವರಿಗೆ ನಾವು ನೂರು ವರ್ಷದ ಹಿಂದಿನ ಒಂದು ನಿದರ್ಶನವನ್ನು ನೆನಪುಮಾಡಿಕೊಡುವೆವು. 1924ರ ಜನವರಿ 12ರ ರಾತ್ರಿ ಯರವಡಾ ಸೆರೆಮನೆಯ ಕೈದಿಯಾಗಿದ್ದ ಮಹಾತ್ಮಾ ಗಾಂಧಿಯವರನ್ನು ಪುಣೆಯ ಸಾಸೂನ್ ದವಾಖಾನೆಯಲ್ಲಿ ಕರುಳುಬಾಲದ ಬೇನೆಗಾಗಿ ಶಸ್ತ್ರಕ್ರಿಯೆಗೆ ಒಳಪಡಿಸಬೇಕಾಯಿತು. ವೈದ್ಯರು ಕರ್ನಲ್ ಮೆಡಾಕರೆಂಬ ಆಂಗ್ಲ ಅಧಿಕಾರಿಗಳು. ಗಾಂಧಿಯವರು ತಮ್ಮ ನೆಚ್ಚಿನ ವೈದ್ಯರಾದ ಡಾ. ದಲಾಲ ಹಾಗೂ ಡಾ. ಜೀವರಾಜ ಮೆಹತಾ ಅವರನ್ನು ಮುಂಬಯಿಯಿಂದ ಕರೆಸಬೇಕೆಂದು ಬಯಸಿದ್ದರು. ಅವರು ವೇಳೆಗೆ ಒದಗಲಿಲ್ಲ. ಆಗ ಶ್ರೀನಿವಾಸ ಶಾಸ್ತ್ರಿಗಳನ್ನೂ ಡಾ. ಫಾಟಕರನ್ನೂ ಕರೆಯಿಸಲಾಯಿತು. ವೈದ್ಯರಲ್ಲಿ ತಮಗೆ ವಿಶ್ವಾಸವಿದೆಯೆಂದೂ ಶಸ್ತ್ರಕ್ರಿಯೆಗೆ ತಾವು ಒಪ್ಪಿರುವೆವೆಂದೂ ತಿಳಿಸುವ ಹೇಳಿಕೆಯನ್ನು ಶಾಸ್ತ್ರಿಗಳು ಬರೆದುಕೊಂಡರು. ಗಾಂಧಿಯವರು ಅದನ್ನು ಕೇಳಿ, ನಡುಗುವ ಕೈಯಿಂದ ಪೆನ್ಸಿಲು ಹಿಡಿದು ಸಹಿ ಮಾಡಿದರು. ಶಸ್ತ್ರಕ್ರಿಯೆಯ ನಡುವೆ ವಿದ್ಯುದ್ದೀಪ ಆರಿಹೋಗಿ ಕಂದೀಲಿನ ಬೆಳಕಿನಲ್ಲಿ ಕೆಲಸವನ್ನು ಮುಗಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಮ್ಮ ಬೆಳಗಾವಿಯಲ್ಲಿ ರಾಷ್ಟ್ರಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತಿದ್ದರು.

ಕೈದಿಯಾಗಿದ್ದವರ ದೇಹವು ಸರಕಾರದ ವಶದಲ್ಲಿತ್ತು. ರೋಗವಾದರೋ ರಾತ್ರಿಯನ್ನು ಕಾಯುವಂಥದಾಗಿರಲಿಲ್ಲ. ಅಂಥಲ್ಲಿಯೂ ಬೇನೆಯನ್ನು ತಿಳಿಸಿದರು, ಬೇರೆ ವೈದ್ಯರನ್ನು ಕೇಳುವ ಮಾತಿಗೆ ಕಿವಿಗೊಟ್ಟರು, ರೋಗಿಯು ಆರಿಸಿದ ಸಾಕ್ಷಿಗಳನ್ನು ಕರೆತಂದರು, ಸಹಿಯನ್ನು ರೋಗಿಯಿಂದಲೇ ಪಡೆದರು. ಅವರು ಗಾಂಧಿಯವರಾಗಿದ್ದುದರಿಂದ ಇಷ್ಟೆಲ್ಲ ನಡೆಯಿತೆಂದು ಹೇಳಬಹುದು. ನಿಜ. ಸರಕಾರವು ಜನಾಪವಾದಕ್ಕೆ ಹೆದರಿತ್ತು. ಸಾಮಾನ್ಯ ರಯತನ ವಿಷಯದಲ್ಲಿ ಅದಕ್ಕೆ ಆ ಹೆದರಿಕೆ ಇರಲಿಲ್ಲ: 1897ರ ಸಾಂಕ್ರಾಮಿಕ ರೋಗಗಳ ಕಾಯದೆಯ ಬಲದಿಂದ ಪ್ಲೇಗಿನ ಕಾಲದಲ್ಲಿ ಮುಂಬಯಿ ಇಲಾಖೆಯ ಮನೆಗಳನ್ನು ಹೊಕ್ಕು ಹೆಂಗಸರನ್ನೂ ಮಕ್ಕಳನ್ನೂ ಪರೀಕ್ಷಿಸಿ ಎಳೆದೊಯ್ದ ರೀತಿಯು ಜನರನ್ನು ಎಷ್ಟು ಕೆರಳಿಸಿತೆಂಬುದು ಪುಣೆಯ ರ‍್ಯಾಂಡ್ ಸಾಹೇಬರ ಕೊಲೆಯ ಇತಿಹಾಸವನ್ನು ಓದಿದವರಿಗೆಲ್ಲ ಗೊತ್ತಿದೆ.

ಪರರ ಸರಕಾರ ಹೋಗಿ ನಮ್ಮ ಸರಕಾರ ಬಂದ ಮೇಲೂ ಈ ಹುಣ್ಣು ಮಾಯಲಿಲ್ಲ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೇಲ್ಪಟ್ಟು ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಒಪ್ಪಿಗೆಯೆಂಬುದು ಗುರಿಯ ಅಂಕಿಗೆ ಅಡಿಯಾಳಾಯಿತು. ಆಗ ಗಂಡಸರ ಸರದಿ; ಮುಂದೆ ಹೆಂಗಸರದು. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಒಂದು ಶಾಲೆಯಲ್ಲಿ ಒಂದೇ ದಿನ 53 ಹೆಂಗಸರಿಗೆ, 2014ರ ನವಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ 83 ಹೆಂಗಸರಿಗೆ ಈ ಶಸ್ತ್ರಕ್ರಿಯೆ ಮಾಡಲಾಯಿತು. ಬಿಲಾಸಪುರದಲ್ಲಿ ಹನ್ನೆರಡಕ್ಕಿಂತ ಹೆಚ್ಚು ತಾಯಂದಿರು ಸತ್ತರು. ದೇವಿಕಾ ಬಿಸ್ವಾಸರ ಅರ್ಜಿಯ ಮೇಲೆ 2016ರ ಸಪ್ಟೆಂಬರ 14ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಶಿಬಿರಗಳನ್ನು ನಿಲ್ಲಿಸುವಂತೆ ಹೇಳಿತು. ಆ ತೀರ್ಪಿನಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚಿಕೆಯಾದ ಮಾತು ಬೇರೆಯೇ ಒಂದಿದೆ. ಶಸ್ತ್ರಕ್ರಿಯೆಯ ಪರಿಣಾಮಗಳನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ ಮೇಲೆ, ಮನಸ್ಸು ಬದಲಾಗುವದಿದ್ದರೆ ಬದಲಾಯಿಸಿಕೊಳ್ಳಲೆಂದು ಸುಮಾರು ಒಂದು ತಾಸಿನ ಅವಕಾಶವನ್ನು ಕೊಡತಕ್ಕದ್ದು. ಒಂದು ತಾಸು! ಗೋಕಾಕದ ಸಂತೆಯಲ್ಲಿ ಒಂದು ಜೋಡಿ ಎತ್ತನ್ನು ಕೊಳ್ಳುವ ರಯತನು ಹಲ್ಲು ನೋಡಿ, ನಡಿಗೆ ನೋಡಿ, ಚಹಾ ಕುಡಿದು ಬಂದು ಮತ್ತೊಮ್ಮೆ ನೋಡುವದಕ್ಕೆ ತೆಗೆದುಕೊಳ್ಳುವ ವೇಳೆಗಿಂತ ಇದು ಹೆಚ್ಚಿನದಲ್ಲ.

ಸರಕಾರದ ಶಿಬಿರಗಳ ಮಾತು ಬಿಡೋಣ. ಹಣ ಕೊಟ್ಟು ತಾವಾಗಿಯೇ ಹೋಗುವ ಕಡೆಗಳ ಸ್ಥಿತಿಯೇನು? ನಮ್ಮ ಮೂರು ತಾಲೂಕುಗಳು ಘಟಪ್ರಭೆ ಹಿರಣ್ಯಕೇಶಿಗಳ ನೀರುಂಡು ಕಬ್ಬು ಬೆಳೆಯುವ ನಾಡು. ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರಖಾನೆಗಳ ಹಂಗಾಮಿಗೆ ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ; ಗದ್ದೆಯ ಬದಿಯಲ್ಲಿ ಅವರ ಗುಡಿಸಲುಗಳನ್ನು ನೋಡದವರಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರಕಾರವು ನೇಮಿಸಿದ ಸಮಿತಿಯು ಬೀಡ ಜಿಲ್ಲೆಯ 82 ಸಾವಿರಕ್ಕೂ ಮಿಕ್ಕಿದ ಇಂಥ ಹೆಂಗಸರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಾಶಯವನ್ನು ತೆಗೆದಿರುವದು ತಿಳಿದುಬಂದಿತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಮುಕಾದಮನು ದಂಡ ಹಿಡಿಯುವನು. ಬಿಳಿಸೆರಗು ಬೇನೆಯೆಂದು ಹೋದರೆ, ತೆಗೆಸದಿದ್ದರೆ ಅರ್ಬುದವಾದೀತೆಂದು ಹೆದರಿಕೆ ಹಾಕುವವರುಂಟು. ನಮ್ಮ ಕಲಬುರ್ಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು 2015ರ ಸುಮಾರಿಗೆ ಇದೇ ದೂರನ್ನು ಹೇಳಿಕೊಂಡು ಬೀದಿಗೆ ಬಂದಿದ್ದರು. ಈ ಹೆಂಗಸರಲ್ಲಿ ಎಷ್ಟೋ ಜನರು ಸಹಿಯನ್ನು ತಾವೇ ಹಾಕಿದ್ದಿರಬಹುದು. ಆದುದರಿಂದಲೇ ಸಹಿಯೊಂದನ್ನೇ ಹಿಡಿದು ಕುಳಿತರೆ ಸಾಲದೆಂದು ನಾವು ಹೇಳುವದು. ಗುಳಿಗೆಯಿಂದ ಹೋಗಬಹುದಾದ ಬೇನೆಯಿದು, ತೆಗೆಸಿದರೆ ಎಲುಬು ಬೇಗ ಸವೆದೀತು, ಅಂಡಾಶಯವನ್ನೂ ತೆಗೆದರೆ ಮೂವತ್ತರ ಹರೆಯದಲ್ಲಿಯೇ ಮುಟ್ಟು ನಿಂತ ಮುದುಕಿಯ ಕಷ್ಟಗಳು ಬಂದಾವು ಎಂದು ತಿಳಿಸಿ ಹೇಳದೆ ಪಡೆದ ಸಹಿಯು ಹೆದರಿಕೆಯ ಗುರುತೇ ಹೊರತು ಒಪ್ಪಿಗೆಯಲ್ಲ.

ಇದಕ್ಕೆ ಎದುರಾಗಿ ನಮ್ಮದೇ ಜಿಲ್ಲೆಯ ಇನ್ನೊಂದು ಸಂಗತಿಯನ್ನು ಇಡಬೇಕಾಗಿದೆ. 2002ರಿಂದ 2005ರ ವರೆಗೆ ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೇರಿಕೆಯ ಸಂಶೋಧಕರೊಡಗೂಡಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ನಡೆಸಿದರು. ಹೆರಿಗೆಯ ತರುವಾಯದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯು ತಡೆಯಬಲ್ಲದೆ ಎಂಬುದು ಪ್ರಶ್ನೆ. 1620 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಔಷಧದ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಗುಳಿಗೆ. ಕೊಟ್ಟವರು ಹಳ್ಳಿಯ ದಾಯಾದಿಗಳಂತೆ ಪರಿಚಿತರಾದ ಆರೋಗ್ಯ ಸಹಾಯಕಿಯರು. ಔಷಧವಿಲ್ಲದವರಲ್ಲಿ ನೂರಕ್ಕೆ 12 ಜನರಿಗೆ ಅತಿಸ್ರಾವವಾದರೆ ಔಷಧ ಪಡೆದವರಲ್ಲಿ 6.4 ಜನರಿಗೆ ಮಾತ್ರ ಆಯಿತೆಂದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಪ್ರಕಟಿಸಿತು. ಜಗತ್ತಿನ ಬಡ ನಾಡುಗಳ ಎಷ್ಟೋ ಬಾಣಂತಿಯರಿಗೆ ಇದರಿಂದ ಉಪಕಾರವಾಗಿದೆ. ಆದರೆ ನಾವು ಇದನ್ನು ಇಲ್ಲಿ ಎತ್ತಿದ್ದು ಬೇರೆ ಕಾರಣಕ್ಕಾಗಿ. ಆ ಪ್ರಯೋಗದಲ್ಲಿ ಸೇರುವದಕ್ಕೆ ಆ ಹಳ್ಳಿಯ ಹೆಂಗಸರ ಸಮ್ಮತಿಯನ್ನು ಪಡೆಯಬೇಕಾಗಿತ್ತು, ಪಡೆಯಲಾಯಿತು. ತನಗೆ ಸಿಕ್ಕುವದು ಬರಿಯ ಗುಳಿಗೆಯೂ ಆಗಿರಬಹುದೆಂಬ ಮಾತು ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡವಳ ಮನಸ್ಸಿಗೆ ಎಷ್ಟರ ಮಟ್ಟಿಗೆ ಇಳಿದಿತ್ತೆಂದು ಕೇಳುವವರು ಕೇಳಬಹುದು, ಕೇಳತಕ್ಕ ಪ್ರಶ್ನೆಯೇ. ಆದರೂ ಒಂದು ಗುಳಿಗೆಯನ್ನು ನುಂಗಿಸುವದಕ್ಕೆ ಹಳ್ಳಿಯ ಹೆಂಗಸನ್ನು ಕೇಳುವದು ಸಾಧ್ಯವಾದ ಜಿಲ್ಲೆಯಲ್ಲಿ, ಗರ್ಭಾಶಯವನ್ನು ತೆಗೆಯುವದಕ್ಕೆ ಕೇಳುವದು ಅಸಾಧ್ಯವೆಂದರೆ ನಾವು ನಂಬಲಾರೆವು. ಹೊಸ ಔಷಧಗಳ ಪ್ರಯೋಗಕ್ಕೆ ಮೇಲೆ ಒಂದು ನೈತಿಕ ಸಮಿತಿ ಕುಳಿತು ಸಮ್ಮತಿಪತ್ರದ ಅಕ್ಷರ ಅಕ್ಷರವನ್ನು ನೋಡುವದು. ನಿತ್ಯದ ಶಸ್ತ್ರಕ್ರಿಯೆಯ ಕಾಗದವನ್ನು ನೋಡುವವರು ಯಾರು?

ಭಾಷೆಯ ಮಾತು ಬಂದಾಗ ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ವಾನ್ಲೆಸ್ ಸಾಹೇಬರು 1894ರಲ್ಲಿ ಮಿರಜದ ಮಿಶನ್ ದವಾಖಾನೆಯನ್ನು ಕಟ್ಟಿದ ಕಾಲದಿಂದ ನಮ್ಮ ಜನರಿಗೆ ದೊಡ್ಡ ಬೇನೆಯೆಂದರೆ ಮಿರಜದ ಗಾಡಿ. ಘಟಪ್ರಭಾದಲ್ಲಿ ಡಾ. ಹರ್ಡೀಕರರ ಹೆಸರಿನೊಡನೆ ಕೂಡಿಬಂದಿರುವ ಕರ್ನಾಟಕ ಆರೋಗ್ಯಧಾಮವು ಸ್ವಾತಂತ್ರ್ಯಪೂರ್ವದಿಂದಲೂ ಸೇವೆ ಮಾಡುತ್ತ ಬಂದಿದ್ದರೂ, ಬೆಳಗಾವಿಯಲ್ಲಿ ದೊಡ್ಡ ದವಾಖಾನೆಗಳಾಗಿದ್ದರೂ, ಹುಕ್ಕೇರಿ ಸಂಕೇಶ್ವರದವರು ಇಂದಿಗೂ ಗಡಹಿಂಗ್ಲಜ ಕೊಲ್ಹಾಪುರಗಳ ದಾರಿ ಹಿಡಿಯುವದುಂಟು. ಅಲ್ಲಿಯ ಕಾಗದವು ಮರಾಠಿಯಲ್ಲಿ ಇಲ್ಲವೆ ಇಂಗ್ಲೀಷಿನಲ್ಲಿರುವದು ಸಹಜ. ಮರಾಠಿಯನ್ನು ಸಂತೆಯ ಮಟ್ಟಿಗೆ ಆಡಬಲ್ಲ ನಮ್ಮ ರಯತನು ಅದರಲ್ಲಿ ಶಸ್ತ್ರಕ್ರಿಯೆಯ ಅಪಾಯಗಳನ್ನು ಓದಿ ಅರಿಯಬಲ್ಲನೆಂದು ಯಾರೂ ಹೇಳರು. ಇದು ಯಾವ ಭಾಷೆಯ ಮೇಲಿನ ದ್ವೇಷದ ಮಾತೂ ಅಲ್ಲ. ನಿಪ್ಪಾಣಿಯ ಮರಾಠಿ ಮುದುಕಿಗೆ ನಮ್ಮ ದವಾಖಾನೆಗಳಲ್ಲಿ ಮರಾಠಿಯ ಕಾಗದ ಸಿಕ್ಕಬೇಕೆಂದು ನಾವು ಅಷ್ಟೇ ಒತ್ತಿ ಹೇಳುವೆವು. ವೈದ್ಯರು ಔಷಧದ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಸರಕಾರವನ್ನು ಕೇಳಿಕೊಂಡರು. ಒಳ್ಳೆಯ ಮಾತು. ಆದರೆ ಚೀಟಿಯನ್ನು ಓದತಕ್ಕವನು ಔಷಧದಂಗಡಿಯವನು. ಸಮ್ಮತಿಪತ್ರವನ್ನು ಓದತಕ್ಕವನು ರೋಗಿ. ಮೊದಲು ಕನ್ನಡವಾಗಬೇಕಾದದ್ದು ಯಾವುದೆಂಬುದನ್ನು ಪ್ರಾಧಿಕಾರವೇ ವಿಚಾರಿಸಲಿ.

ಹಳ್ಳಿಗರಿಗೆ ಹೇಳಿದರೆ ತಿಳಿಯದು, ತಿಳಿದರೆ ಹೆದರಿ ಓಡಿಹೋಗುವರು ಎಂದು ಕೆಲವು ವೈದ್ಯರು ಹೇಳುವದುಂಟು. ಕಾರಖಾನೆಯ ತೂಕದ ಕಾಟಾದಲ್ಲಿ ಎಷ್ಟು ಕಿಲೋ ಹೋಯಿತು, ಸಕ್ಕರೆಯ ಇಳುವರಿ ನೂರಕ್ಕೆ ಎಷ್ಟು ಬಿದ್ದಿತು, ಅದರ ಮೇಲೆ ಟನ್ನಿಗೆ ದರವೇನಾಗಬೇಕು ಎಂದು ಲೆಕ್ಕ ಹಾಕುವವನು ಈ ಹಳ್ಳಿಗನೇ. 1969ರಿಂದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿ ನಡೆಸಿದವರೂ ಇವರೇ. ಹತ್ತರಲ್ಲಿ ಒಬ್ಬರಿಗೆ ಇಂಥ ತೊಂದರೆಯಾದೀತು ಎಂಬ ಮಾತು ಇವರಿಗೆ ತಿಳಿಯದೆಂದರೆ ಹೇಳುವವರಿಗೆ ಹೇಳಲು ವೇಳೆಯಿಲ್ಲವೆಂದೇ ಅರ್ಥ. ವೇಳೆಯಿಲ್ಲದಿರುವದು ಮಾತ್ರ ನಿಜವಾದ ಕಷ್ಟ. ತಾಲೂಕಿನ ದವಾಖಾನೆಯ ಒಬ್ಬ ವೈದ್ಯರ ಮುಂದೆ ಮುಂಜಾನೆ ನಿಲ್ಲುವ ಸಾಲನ್ನು ಕಂಡವರು ಅವರನ್ನು ದೂಷಿಸಲಾರರು. ಆದರೆ ವಿವರಿಸುವ ಕೆಲಸವನ್ನೆಲ್ಲ ವೈದ್ಯರೇ ಮಾಡಬೇಕೆಂದಿಲ್ಲ. ತರಬೇತಿ ಪಡೆದ ದಾದಿಯು ಮೊದಲು ಹೇಳಿ, ಉಳಿದ ಸಂಶಯವನ್ನು ವೈದ್ಯರು ಪರಿಹರಿಸಬಹುದು. ರೋಗಿಯು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವಂತೆ ಮಾಡಿದರೆ ತಿಳಿದಿದೆಯೋ ಇಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುವದು. ಇದರಲ್ಲಿ ವೈದ್ಯರ ಹಿತವೂ ಇದೆ. ರೋಗಿಯು ಸತ್ತಾಗ ದವಾಖಾನೆಯ ಗಾಜು ಒಡೆಯುವ ಜನರನ್ನು ತಡೆಯಲೆಂದು ಕರ್ನಾಟಕವು 2009ರಲ್ಲಿ ಪ್ರತ್ಯೇಕ ಕಾಯದೆಯನ್ನೇ ಮಾಡಬೇಕಾಯಿತು. ಮುಂಚೆಯೇ ಅಪಾಯವನ್ನು ಕೇಳಿ ತಿಳಿದ ಮನೆಯವರ ದುಃಖವು ಕಲ್ಲನ್ನು ಎತ್ತಿಕೊಳ್ಳುವದು ಕಡಿಮೆ.

ಬೇಡವೆನ್ನುವ ಹಕ್ಕಿಲ್ಲದಲ್ಲಿ ಒಪ್ಪಿಗೆಗೆ ಬೆಲೆಯಿಲ್ಲ. ಈ ಹಕ್ಕಿನ ಕೊನೆಯ ಅಂಚನ್ನು ದೇಶಕ್ಕೆ ತೋರಿಸಿಕೊಟ್ಟವರು ನಮ್ಮ ಹೊನ್ನಾವರ ತಾಲೂಕಿನ ಹಳದೀಪುರದ ಮಗಳು ಅರುಣಾ ಶಾನಭಾಗರು. ಮುಂಬಯಿಯ ಕೆ.ಇ.ಎಂ. ದವಾಖಾನೆಯಲ್ಲಿ ದಾದಿಯಾಗಿದ್ದ ಅವರು 1973ರ ನವಂಬರಿನಲ್ಲಿ ಅತ್ಯಾಚಾರಕ್ಕೀಡಾಗಿ, ಮಾತೂ ಅರಿವೂ ಇಲ್ಲದೆ 2015ರ ಮೇ 18ರ ವರೆಗೆ ಅಲ್ಲಿಯೇ ಹಾಸಿಗೆಯಲ್ಲಿದ್ದರು. ಅವರಿಗೆ ಏನು ಬೇಕಾಗಿತ್ತೆಂಬುದನ್ನು ಹೇಳಬಲ್ಲವರು ಅವರೊಬ್ಬರೇ, ಅವರಿಗೋ ಬಾಯಿಲ್ಲ. ಗೆಳತಿಯೊಬ್ಬಳು ಒಂದನ್ನು ಹೇಳಿದರೆ ದಾದಿಯರು ಇನ್ನೊಂದನ್ನು ಹೇಳಿದರು. 2011ರ ಮಾರ್ಚ 7ರಂದು ಆ ಖಟ್ಲೆಯಿಂದ ಆರಂಭವಾದ ವಿಚಾರವು 2018ರ ಮಾರ್ಚ 9ರ ತೀರ್ಪಿನಲ್ಲಿ ನೆಲೆಗೊಂಡಿತು: ಗುಣವಾಗುವ ಆಸೆಯಿಲ್ಲದ ರೋಗದಲ್ಲಿ ಯಂತ್ರಗಳಿಂದ ಉಸಿರನ್ನು ಹಿಡಿದಿಡುವದು ಬೇಡವೆಂದು ಮನುಷ್ಯನು ಸ್ವಸ್ಥನಾಗಿರುವಾಗಲೇ ಬರೆದಿಡಬಹುದು. 2023ರ ಜನವರಿಯಲ್ಲಿ ಅದರ ರೀತಿಯನ್ನು ಸುಲಭಗೊಳಿಸಲಾಯಿತು. 2025ರ ಜನವರಿ 30ರಂದು ಕರ್ನಾಟಕ ಸರಕಾರವು ಇದನ್ನು ಜಾರಿಗೆ ತರುವ ಆದೇಶವನ್ನು ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಕರಿಬಸಮ್ಮನವರು ಇದಕ್ಕಾಗಿ ವರ್ಷಗಟ್ಟಲೆ ಸರಕಾರದ ಬಾಗಿಲನ್ನು ತಟ್ಟಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಈ ಬರಹಕ್ಕೆ ಇಬ್ಬರು ಸಾಕ್ಷಿಗಳು ಬೇಕು, ನೋಟರಿಯ ಇಲ್ಲವೆ ಗೆಜೆಟೆಡ್ ಅಧಿಕಾರಿಯ ಮುದ್ರೆ ಬೇಕು. ನಮ್ಮ ವಾಚಕರಲ್ಲಿ ಗೆಜೆಟೆಡ್ ಅಧಿಕಾರಿಗಳು ಅನೇಕರಿದ್ದಾರೆ. ನಾಳೆ ಮುದುಕನೊಬ್ಬನು ಇಂಥ ಕಾಗದವನ್ನು ಹಿಡಿದು ಅವರ ಕಚೇರಿಗೆ ಬಂದರೆ, ಅಶುಭವೆಂದು ಮುಖ ತಿರುಗಿಸದೆ, ಮಗನನ್ನು ಕರೆದುಕೊಂಡು ಬಾ ಎಂದು ಹಿಂದಕ್ಕೆ ಕಳಿಸದೆ, ಅದನ್ನು ಓದಿ ಮುದ್ರೆ ಹಾಕಿಕೊಡುವರೆಂದು ನಾವು ಆಶಿಸುವೆವು. ಮಗನು ದೂರದ ಊರಿನಿಂದ ಬಂದು, ತಂದೆಯನ್ನು ಉಳಿಸಲು ಏನೂ ಮಾಡಲಿಲ್ಲವೆಂಬ ಅಪವಾದಕ್ಕಂಜಿ, ಹೊಲವನ್ನು ಒತ್ತೆಯಿಟ್ಟು ಹದಿನೈದು ದಿನ ಯಂತ್ರದ ಬಾಡಿಗೆಯನ್ನು ಕಟ್ಟುವ ಸಂಕಟವನ್ನು ಕಂಡವರಿಗೆ ಈ ಕಾಗದದ ಬೆಲೆ ತಿಳಿಯುವದು.

ಇನ್ನು ಆಗಬೇಕಾದ ಕೆಲಸ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯದೆಯನ್ನು ನಮ್ಮ ರಾಜ್ಯವು 2017ರ ನವಂಬರಿನಲ್ಲಿ ತಿದ್ದಿತು. ಬೆಳಗಾವಿಯ ಸುವರ್ಣಸೌಧದಲ್ಲಿ ಅಧಿವೇಶನ ನಡೆದಿರಲು ಹೊರಗೆ ಸಾವಿರಾರು ವೈದ್ಯರು ಸೇರಿ ಪ್ರತಿಭಟಿಸಿದ್ದು, ಹಲವು ದಿನ ಖಾಸಗಿ ದವಾಖಾನೆಗಳ ಬಾಗಿಲು ಮುಚ್ಚಿದ್ದು ಈ ಜಿಲ್ಲೆಯವರಿಗೆ ಮರೆತಿರಲಾರದು. ವಾದವೆಲ್ಲ ದರ ಹಾಗೂ ಶಿಕ್ಷೆಗಳ ಸುತ್ತ ನಡೆಯಿತು. ಆ ಕಾಯದೆಯೊಡನೆ ಬಂದ ರೋಗಿಗಳ ಸನದನ್ನು ಆಗಲೂ ಯಾರೂ ಓದಲಿಲ್ಲ, ಈಗಲೂ ಓದುವವರು ವಿರಳ. ಅದರ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿಯನ್ನೂ ದೂರುಗಳ ವಿಚಾರಣೆಯನ್ನೂ ನಡೆಸುವ ಪ್ರಾಧಿಕಾರವಿದೆ. ಬೆಳಗಾವಿಯ ಪ್ರಾಧಿಕಾರವು ಒಂದು ಮಾದರಿ ಸಮ್ಮತಿಪತ್ರವನ್ನು ಸುಲಭವಾದ ಕನ್ನಡದಲ್ಲಿ ಬರೆಯಿಸಲಿ. ಹಿಂದುಗಡೆ ಮರಾಠಿಯೂ ಇರಲಿ. ಬೇನೆ ಯಾವುದು, ಏನನ್ನು ಮಾಡುವರು, ಏನನ್ನು ತೆಗೆಯುವರು, ಏನಾಗಬಹುದು, ಮಾಡದಿದ್ದರೆ ಏನಾಗುವದು, ಬೇರೆ ದಾರಿಯಿದೆಯೇ ಎಂಬ ಪ್ರಶ್ನೆಗಳಿಗೆ ಕೈಬರಹದಲ್ಲಿ ಉತ್ತರ ತುಂಬುವಂತಿರಲಿ. ರೋಗಿಯ ಸಹಿಗೆ ದೊಡ್ಡ ಮನೆ, ಗಂಡನೋ ಮಗನೋ ಹಾಕುವ ಸಾಕ್ಷಿಯ ಸಹಿಗೆ ಕೆಳಗೆ ಸಣ್ಣ ಮನೆ. ಕಾಗದ ಕೊಟ್ಟ ವೇಳೆ ಒಂದು ಕಡೆ, ಸಹಿ ಮಾಡಿದ ವೇಳೆ ಇನ್ನೊಂದು ಕಡೆ ಬರೆಯಬೇಕು. ಎರಡರ ನಡುವೆ, ಪ್ರಾಣಾಪಾಯದ ಪ್ರಸಂಗವನ್ನು ಬಿಟ್ಟು, ಒಂದು ತಾಸಾದರೂ ಇರಬೇಕು. ಪ್ರತಿಯೊಂದು ರೋಗಿಯ ಕೈಯಲ್ಲಿರಬೇಕು. ನೋಂದಣಿಯ ನವೀಕರಣಕ್ಕೆ ಬರುವ ದವಾಖಾನೆಯಿಂದ ಇಂಥ ಹತ್ತು ಕಾಗದಗಳನ್ನು ಕೇಳಿ ತರಿಸಿ ನೋಡುವದಕ್ಕೆ ಹೊಸ ಕಾಯದೆಯಾಗಲಿ ಹೊಸ ಹಣವಾಗಲಿ ಬೇಕಾಗದು. ಮೂಡಲಗಿಯಿಂದಲೇ ಇದನ್ನು ಆರಂಭಿಸಬಹುದೆಂದು ನಾವು ಜಿಲ್ಲಾಧಿಕಾರಿಗಳಿಗೆ ಸೂಚಿಸುವೆವು.